ಬಾಕಿ ಬರೆದುಕೊಂಡ ಅಂಗಡಿ, ಬಾಗಿಲಿಗೆ ಬಂದ ಆಶಾ

2020ರ ಮಾರ್ಚ್ 25 ಯುಗಾದಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದು ವರ್ಷದ ದೊಡ್ಡ ಜಾತ್ರೆಗಳಲ್ಲೊಂದು. ಪ್ರತಿ ವರ್ಷ ಆ ಹೊತ್ತಿಗೆ ಮಂಡ್ಯ, ಮೈಸೂರು, ರಾಮನಗರ ಕಡೆಯ ಒಕ್ಕಲುಗಳೂ ಗಡಿಯಾಚೆಯ ತಮಿಳುನಾಡಿನ ಭಕ್ತರೂ ಬೆಟ್ಟ ತುಂಬಿರುತ್ತಾರೆ. ಹುಲಿವಾಹನ, ಬಸವವಾಹನ ಸೇವೆಗೆ ಜನ ಸಾಲುಗಟ್ಟಿರುತ್ತಾರೆ. ‘ಉಘೇ ಮಾದಪ್ಪ’ ಎಂಬ ಕೂಗು ತಾಳುಬೆಟ್ಟದಿಂದಲೇ ಕೇಳಿಸುತ್ತಿರುತ್ತದೆ. ಆ ವರ್ಷ ಯುಗಾದಿಯಂದೇ ಇಡೀ ದೇಶಕ್ಕೆ ಬೀಗ ಬಿತ್ತು. ಭಕ್ತರು ಬೆಟ್ಟ ಹತ್ತುವಂತಿರಲಿಲ್ಲ.

ಅದರಿಂದ ನಷ್ಟವಾದದ್ದು ದೇವಸ್ಥಾನದ ಹುಂಡಿಗೆ ಮಾತ್ರ ಎಂದುಕೊಂಡವರು ಕೊಳ್ಳೇಗಾಲದಿಂದ ಬೆಟ್ಟದವರೆಗಿನ ಸುಮಾರು 80 ಕಿಲೋಮೀಟರ್ ರಸ್ತೆಯನ್ನು ನೆನಪಿಸಿಕೊಳ್ಳಬೇಕು. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ಎಂದು ಸಾಗುವ ಈ ದಾರಿಯುದ್ದಕ್ಕೂ ಜನರ ಬದುಕು ನಿಂತಿರುವುದು ಬೆಟ್ಟಕ್ಕೆ ಹೋಗಿಬರುವವರ ಮೇಲೆ. ಟೀ ಅಂಗಡಿಗಳು, ಇಡ್ಲಿ ಹೋಟೆಲುಗಳು, ಪಂಕ್ಚರ್ ಹಾಕುವವರು, ಎಳನೀರು ಮಾರುವವರು. ಬೆಟ್ಟದ ಮೇಲೆ ತೆಂಗಿನಕಾಯಿ, ಕರ್ಪೂರ, ವಿಭೂತಿ, ಕಡ್ಲೆಪುರಿ ಮಾರುವವರು, ಮುಡಿ ತೆಗೆಯುವವರು, ಜೀಪು ಓಡಿಸುವವರು. ಜಾತ್ರೆಯ ನಾಲ್ಕು ದಿನದ ವ್ಯಾಪಾರ ಇವರಲ್ಲಿ ಎಷ್ಟೋ ಮಂದಿಗೆ ಮಕ್ಕಳ ಫೀಜು, ಮಳೆಗಾಲದ ರಾಗಿ, ಹಳೇ ಸಾಲದ ಬಡ್ಡಿ. ಅಂಗಡಿಗೆ ತುಂಬಿಸಿಟ್ಟ ಸರಕಿನ ದುಡ್ಡು ಕೊಳ್ಳೇಗಾಲದ ಹೋಲ್‌ಸೇಲ್ ಮಂಡಿಗೆ ಬಾಕಿಯಾಗಿ ಉಳಿಯಿತು.

ಕೊರೊನಾ ಕಾಲದ ಬಗ್ಗೆ ಬಂದ ಬರಹಗಳಲ್ಲಿ ಆಸ್ಪತ್ರೆ, ಸೋಂಕು, ಸಾವಿನ ಅಂಕಿಗಳು ಧಾರಾಳವಾಗಿ ಸಿಗುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರಿನಂಥ ತಾಲ್ಲೂಕುಗಳಲ್ಲಿ ಊರುಗಳನ್ನು ಆ ಎರಡು ವರ್ಷ ಹಿಡಿದು ನಿಲ್ಲಿಸಿದವರು ಯಾರು, ಅವರ ಕೈಗೆ ಏನು ಬಂತು ಎಂಬ ಲೆಕ್ಕ ಮಾತ್ರ ಎಲ್ಲೂ ಪೂರ್ತಿಯಾಗಿ ಬರೆದಿಲ್ಲ. ಇದು ಮುಂದಿನ ಸಲಕ್ಕೂ ಬೇಕಾಗುವ ಲೆಕ್ಕ.

ಮೊದಲ ಎರಡೂವರೆ ತಿಂಗಳು ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಪಕ್ಕದ ನಂಜನಗೂಡಿನ ಔಷಧ ಕಾರ್ಖಾನೆಯೊಂದರಿಂದ ಸೋಂಕು ಹರಡಿ ಮೈಸೂರು ಜಿಲ್ಲೆ ತತ್ತರಿಸುತ್ತಿತ್ತು. ಗಡಿಯಾಚೆಯ ಈರೋಡಿನಲ್ಲಿ, ವಯನಾಡಿನಲ್ಲಿ ಸೋಂಕಿತ್ತು. ನಡುವೆ ಇದ್ದ ಈ ಜಿಲ್ಲೆ ಹಸಿರು ವಲಯವಾಗಿಯೇ ಉಳಿಯಿತು. 2020ರ ಜೂನ್ 9ರಂದು, ಮಹಾರಾಷ್ಟ್ರದಿಂದ ಹನೂರು ತಾಲ್ಲೂಕಿಗೆ ಬಂದಿದ್ದವರೊಬ್ಬರಲ್ಲಿ ಸೋಂಕು ಕಾಣಿಸಿಕೊಳ್ಳುವವರೆಗೂ ಹಾಗೇ ಇತ್ತು. ಅಷ್ಟು ಹೊತ್ತಿಗೆ ರಾಜ್ಯದ ಉಳಿದೆಲ್ಲ ಜಿಲ್ಲೆಗಳಿಗೂ ಕೊರೊನಾ ಕಾಲಿಟ್ಟಾಗಿತ್ತು.

ಆಗ ಜಿಲ್ಲಾಧಿಕಾರಿಯಾಗಿದ್ದ ಡಾ. ಎಂ.ಆರ್. ರವಿ ಅವರ ಆಡಳಿತಕ್ಕೆ ಇದರ ಶ್ರೇಯ ಸಂದಿತು, ಸಲ್ಲಬೇಕಾದದ್ದೇ. ಆದರೆ ಗಡಿ ಕಾದವರು ಪಾಲಾರ್, ಗರಿಕೆಕಂಡಿ, ನಾಲ್‌ರೋಡ್ ಚೆಕ್‌ಪೋಸ್ಟುಗಳಲ್ಲಿ ಶಾಮಿಯಾನದ ಕೆಳಗೆ ಹಗಲು ರಾತ್ರಿ ಕೂತ ಪೊಲೀಸರು, ಗ್ರಾಮ ಲೆಕ್ಕಿಗರು, ಅರಣ್ಯ ವಾಚರುಗಳು, ಆರೋಗ್ಯ ಸಹಾಯಕರು. ರಾತ್ರಿ ಆನೆ ಓಡಾಡುವ ಜಾಗಗಳು ಇವು. ಊರೊಳಗೆ ಬೆಂಗಳೂರಿನಿಂದ ಯಾರು ಬಂದರು, ಯಾರ ಮನೆಗೆ ಬಂದರು ಎಂದು ಮನೆಮನೆ ಸುತ್ತಿ ಬರೆದುಕೊಂಡವರು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು. ಗಾರೆ ಕೆಲಸ, ಕ್ವಾರಿ ಕೆಲಸ, ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ ಹನೂರು ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಮರಳುತ್ತಿದ್ದ ದಿನಗಳವು. ಹಸಿರು ವಲಯ ಎಂಬ ಹೆಸರು ಉಳಿದದ್ದು ಈ ಬರವಣಿಗೆಯಿಂದ.

ಕಾಯಿಲೆ ಬರಲಿಲ್ಲ, ಕೆಲಸವೂ ಬರಲಿಲ್ಲ. ಒಂದೂ ಸೋಂಕಿಲ್ಲದ ಜಿಲ್ಲೆಯಲ್ಲಿಯೂ ಸಂತೆ ನಿಂತಿತ್ತು, ಬಸ್ಸು ನಿಂತಿತ್ತು. ಅರಿಸಿನ ಬೆಳೆದವರು ವ್ಯಾಪಾರಕ್ಕೆ ಈರೋಡಿನ ದಾರಿ ನೋಡುವುದು ಇಲ್ಲಿಯ ವಾಡಿಕೆ. ಗಡಿ ಮುಚ್ಚಿದ ಮೇಲೆ ಆ ದಾರಿಯೂ ಇಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಸಂಬಂಧ, ಸಾಲ, ಸರಕು ಎಲ್ಲವೂ ಎರಡೂ ಕಡೆ ಹರಡಿಕೊಂಡಿರುವ ಸೀಮೆ ಇದು. ಚೆಕ್‌ಪೋಸ್ಟ್ ಹಾಕಿದಾಗ ಕತ್ತರಿಸಿದ್ದು ತಲೆಮಾರುಗಳ ವ್ಯಾಪಾರದ ಹಾದಿಯನ್ನು.

ಈ ಹೊತ್ತಿನಲ್ಲಿ ಊರಿನ ಚಿಲ್ಲರೆ ಅಂಗಡಿ ಮಾಡಿದ ಕೆಲಸವನ್ನು ಯಾರೂ ಕೆಲಸ ಎಂದು ಕರೆಯಲಿಲ್ಲ. ಹನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಅಂಗಡಿ ಎಂದರೆ ಮನೆಯ ಮುಂದಿನ ಒಂದು ಕೋಣೆ. ಸೋಪು, ಬೀಡಿ, ಬೆಂಕಿಪೊಟ್ಟಣ, ಮಕ್ಕಳ ತಿಂಡಿ ತೂಗುಬಿಟ್ಟ ಒಂದು ಕಿಟಕಿ. ಗಲ್ಲಾದ ಪಕ್ಕ ದಾರ ಕಟ್ಟಿದ ಪೆನ್ನು, ಉದ್ದನೆಯ ನೋಟ್‌ಬುಕ್ಕು. ಒಬ್ಬೊಬ್ಬರ ಹೆಸರಿಗೂ ಒಂದು ಪುಟ: ಎಣ್ಣೆ ಅರ್ಧ ಲೀಟರ್, ಬೇಳೆ ಕಾಲು ಕೆ.ಜಿ., ಉಪ್ಪು ಒಂದು. ‘ಬರ್ಕೊಳಣ್ಣ’ ಎಂದರೆ ಸಾಕು. ಕೂಲಿ ಬಂದಾಗ, ರೇಷ್ಮೆಗೂಡು ಮಾರಿದಾಗ, ಡೇರಿ ಬಟವಾಡೆಯಾದಾಗ ಆ ಪುಟಕ್ಕೆ ಅಡ್ಡಗೆರೆ ಬೀಳುತ್ತದೆ. 2020ರ ಬೇಸಿಗೆಯಲ್ಲಿ ಅಡ್ಡಗೆರೆ ಬೀಳದೆ ಪುಟಗಳು ಬೆಳೆಯುತ್ತಾ ಹೋದವು. ಅಂಗಡಿಯವರು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರೆ ಆಗುತ್ತಿದ್ದುದೇನು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಪಡಿತರ ಅಕ್ಕಿ ಬಂತು, ನಿಜ. ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟಿತು. ಕೇಂದ್ರದ ಗರೀಬ್ ಕಲ್ಯಾಣ ಯೋಜನೆಯಿಂದ ತಲೆಗೆ 5 ಕೆ.ಜಿ. ಧಾನ್ಯ ಉಚಿತವಾಗಿ ಸಿಕ್ಕಿತು. ನ್ಯಾಯಬೆಲೆ ಅಂಗಡಿಗಳ ಮುಂದೆ ಸುಣ್ಣದ ವೃತ್ತ ಬರೆದು ಜನರನ್ನು ದೂರ ದೂರ ನಿಲ್ಲಿಸಿ ಅದನ್ನು ಹಂಚಿದವರ ಶ್ರಮ ದೊಡ್ಡದು. ಅನ್ನಕ್ಕೆ ಬೇಕಾದ ಉಪ್ಪು, ಹುಣಸೆ, ಮೆಣಸಿನಕಾಯಿ, ಎಣ್ಣೆ, ಕೈಗೂಸಿನ ಮನೆಗೆ ಬೇಕಾದ ಸಕ್ಕರೆ, ಸೋಪು ಇವೆಲ್ಲ ಬಂದದ್ದು ಆ ಕಿಟಕಿಯಿಂದ. ಆ ಸರಕನ್ನು ಹಳ್ಳಿಗೆ ತಲುಪಿಸಿದ್ದು ಗೂಡ್ಸ್ ಆಟೋಗಳು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಅಂಗಡಿ ತೆರೆಯಲು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿದ್ದಾಗ ಕೊಳ್ಳೇಗಾಲಕ್ಕೆ ಹೋಗಿ ಸರಕು ತುಂಬಿಕೊಂಡು ಹತ್ತರೊಳಗೆ ಮಾರ್ಟಳ್ಳಿಯಂಥ ದೂರದ ಊರಿಗೆ ಮುಟ್ಟಿಸುವುದು ಎಂಥ ಓಟ ಎಂಬುದು ಆ ರಸ್ತೆ ಬಲ್ಲವರಿಗೆ ಗೊತ್ತು. ಜೂನ್ 14ರ ಹೊತ್ತಿಗೆ ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾಯಿತು. ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಮಾತ್ರ ಮತ್ತೊಂದು ವಾರ ಹಾಗೇ ಮುಂದುವರಿಯಿತು. ಚಾಮರಾಜನಗರ ಆ ಪಟ್ಟಿಯಲ್ಲಿತ್ತು.

ಹಾಲಿನ ಡೇರಿ ಇನ್ನೊಂದು ಆಸರೆ. ಹಸು ಬೀಗ ನೋಡಿ ಹಾಲು ಕೊಡುವುದಿಲ್ಲ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಬಂದವರಿಂದ ಸಂಘದ ಕಾರ್ಯದರ್ಶಿ ಹಾಲು ಅಳೆಸಿಕೊಂಡರು, ಲಾರಿ ಅದನ್ನು ಕುದೇರಿನಲ್ಲಿರುವ ಜಿಲ್ಲಾ ಹಾಲು ಒಕ್ಕೂಟಕ್ಕೆ ಒಯ್ದಿತು. ಹೋಟೆಲು, ಮದುವೆ ಯಾವುದೂ ಇಲ್ಲದೆ ಹಾಲು ಮಿಕ್ಕಿದಾಗ ಸರ್ಕಾರವೇ ಕೊಂಡು ನಗರಗಳ ಬಡಾವಣೆಗಳಲ್ಲಿ ಬಡವರಿಗೆ ಉಚಿತವಾಗಿ ಹಂಚಿತು. ರೈತನ ಹಾಲಿಗೆ ದುಡ್ಡು, ಕೂಲಿಯವರ ಮಗುವಿಗೆ ಹಾಲು. ಆ ಹೊತ್ತಿನ ಒಳ್ಳೆಯ ತೀರ್ಮಾನಗಳಲ್ಲಿ ಇದು ಮೊದಲ ಸಾಲಿನದು. ಬಿಡಿ ಕೊಡುಗೆಗಿಂತ ಕೊಳ್ಳುವಿಕೆ ಹೇಗೆ ಎರಡು ಕಡೆ ಹೊಟ್ಟೆ ತುಂಬಿಸುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ರೇಷ್ಮೆಗೆ ಈ ಅದೃಷ್ಟ ಇರಲಿಲ್ಲ.

ಕೊಳ್ಳೇಗಾಲ, ಯಳಂದೂರು ಸೀಮೆಯ ಹೆಸರು ಹೊರಗೆ ಹೋದದ್ದೇ ರೇಷ್ಮೆಯಿಂದ. ಯಳಂದೂರಿನ ಮಾಂಬಳ್ಳಿ ನೂಲು ಬಿಚ್ಚುವ ಊರು, ಕೊಳ್ಳೇಗಾಲ ಮಗ್ಗದ ಊರು, ಸುತ್ತಲ ಹಳ್ಳಿಗಳದು ಹಿಪ್ಪುನೇರಳೆ ತೋಟ. ಈ ಕಸುಬು ಲಾಕ್‌ಡೌನನ್ನು ತಾಳಿಕೊಳ್ಳುವಂಥದ್ದಲ್ಲ. ಅದಕ್ಕೆ ಕಾರಣ ಹುಳುವಿನ ಬದುಕಿನ ಅವಧಿ. ಚಾಕಿಯಿಂದ ತಂದ ಹುಳು ಸೊಪ್ಪು ತಿನ್ನುತ್ತಾ ಪೊರೆ ಬಿಡುವ ಜ್ವರಕ್ಕೆ ಕೂರುತ್ತದೆ, ಏಳುತ್ತದೆ, ಮತ್ತೆ ತಿನ್ನುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳುಮನೆಯಲ್ಲಿ ಸೊಪ್ಪು ಕಡಿಯುವ ಸದ್ದು ಮಳೆ ಹನಿದಂತೆ ಕೇಳುತ್ತದೆ. ಮೊಟ್ಟೆಯೊಡೆದು ಸುಮಾರು 25 ದಿನಕ್ಕೆ ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಎರಡು ಮೂರು ದಿನದಲ್ಲಿ ಅದು ಗೂಡು ಸುತ್ತಿ ಮುಗಿಸುತ್ತದೆ, ಐದಾರನೇ ದಿನಕ್ಕೆ ಬಿಡಿಸಬೇಕು. ಅಲ್ಲಿಂದ ನಾಲ್ಕೈದು ದಿನದೊಳಗೆ ಗೂಡು ಮಾರುಕಟ್ಟೆ ದಾಟಿ ಬಿಚ್ಚಾಣಿಕೆದಾರರ ಕೈ ಸೇರಲೇಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದ ಎಳೆ ಬಿಚ್ಚಲಾಗದು. ಮಾರ್ಚ್ ಕೊನೆಯಲ್ಲಿ ಗೂಡು ಬಿಡಿಸಿದವರ ಮುಂದೆ ಇದ್ದದ್ದು ಆ ನಾಲ್ಕೈದು ದಿನ, ಮುಚ್ಚಿದ ರಸ್ತೆ.

ಸರ್ಕಾರ ಗೂಡಿನ ಮಾರುಕಟ್ಟೆಗಳನ್ನು ಹೆಚ್ಚು ದಿನ ಮುಚ್ಚಿಡಲಿಲ್ಲ. ಅದು ಸರಿಯಾದ ನಡೆ. ಆದರೆ ಮಾರುಕಟ್ಟೆ ತೆರೆದರೂ ಸರಪಳಿಯ ಇನ್ನೊಂದು ತುದಿ ಕಟ್ಟಿಹೋಗಿತ್ತು. ಚೈತ್ರ, ವೈಶಾಖ ಮದುವೆ ಲಗ್ನದ ಕಾಲ, ಸೀರೆ ಮಾರುವ ಕಾಲ. ಮದುವೆಗೆ 50 ಮಂದಿಗಷ್ಟೇ ಅವಕಾಶ ಎಂದಾಗ ಸೀರೆ ಕೊಳ್ಳುವವರು ಕಡಿಮೆಯಾದರು. ಸೀರೆ ಹೋಗದಿದ್ದರೆ ಮಾಲೀಕರು ಮಗ್ಗಕ್ಕೆ ಹಾಸು, ಹೊಕ್ಕು ಕೊಡುವುದಿಲ್ಲ. ಮಗ್ಗ ನಿಂತರೆ ನೂಲು ಕೇಳುವವರಿಲ್ಲ. ನೂಲು ಹೋಗದಿದ್ದರೆ ಬಿಚ್ಚಾಣಿಕೆದಾರ ಗೂಡು ಕೂಗುವುದಿಲ್ಲ. ಬೆಲೆ ಕುಸಿದದ್ದು ಹೀಗೆ. ಬೆಂಗಳೂರಿನ ಬಟ್ಟೆ ಅಂಗಡಿಯ ಷಟರ್ ಇಳಿದದ್ದಕ್ಕೆ ಯಳಂದೂರಿನ ರೈತ ಹಿಪ್ಪುನೇರಳೆ ಕಡ್ಡಿ ಕಿತ್ತು ಹಾಕುವ ಯೋಚನೆ ಮಾಡಬೇಕಾಯಿತು.

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ ತಲಾ 5,000 ರೂಪಾಯಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕೈಮಗ್ಗ ನೇಕಾರರಿಗೆ ‘ನೇಕಾರ ಸಮ್ಮಾನ್’ ಹೆಸರಿನಲ್ಲಿ ವರ್ಷಕ್ಕೆ 2,000. ಮರುವರ್ಷ ಮೇ 19ರಂದು 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಚಾಲಕರಿಗೆ 3,000, ಕ್ಷೌರಿಕ, ಮಡಿವಾಳ, ದರ್ಜಿ, ಕುಂಬಾರ, ಕಮ್ಮಾರ, ಹಮಾಲಿ ಮೊದಲಾದವರಿಗೆ 2,000, ಬೀದಿ ವ್ಯಾಪಾರಿಗಳಿಗೆ 2,000. ಅದೇ ಜೂನ್‌ನಲ್ಲಿ ವಿದ್ಯುತ್ ಮಗ್ಗದ ಕೆಲಸಗಾರರಿಗೂ 3,000 ಸೇರಿತು. ಇಷ್ಟೊಂದು ಕಸುಬುಗಳನ್ನು ಹೆಸರಿಟ್ಟು ಗುರುತಿಸಿದ್ದು ಸಣ್ಣ ಮಾತಲ್ಲ. ರಾಜ್ಯದ ಬೊಕ್ಕಸದ ಕಾಗದದಲ್ಲಿ ಕುಂಬಾರ, ಕಮ್ಮಾರರ ಹೆಸರು ಹೀಗೆ ಬರುವುದೇ ಅಪರೂಪ.

ಆದರೆ ಹಳ್ಳಿಯ ಕ್ಷೌರಿಕರ ಪರಿಸ್ಥಿತಿಯನ್ನು ಹತ್ತಿರದಿಂದ ನೋಡಿ. ಎಷ್ಟೋ ಊರಿನಲ್ಲಿ ಅವರಿಗೆ ಅಂಗಡಿಯೇ ಇಲ್ಲ. ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗುತ್ತಾರೆ, ಕೆಲವು ಒಕ್ಕಲುಗಳಿಂದ ಇಂದಿಗೂ ಸುಗ್ಗಿಯಲ್ಲಿ ವರ್ಷದ ಕಾಳು ಪಡೆಯುತ್ತಾರೆ. ಪರಿಹಾರಕ್ಕೆ ಅರ್ಜಿ ಹಾಕಬೇಕಾದದ್ದು ಸೇವಾ ಸಿಂಧು ಜಾಲತಾಣದಲ್ಲಿ, ಕಸುಬಿಗೆ ದೃಢೀಕರಣ ಪತ್ರದೊಂದಿಗೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೊಂದಿಗೆ. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರಿನಲ್ಲಿ, ಬಸ್ಸಿಲ್ಲದ ದಿನಗಳಲ್ಲಿ, ಅಂಗಡಿಯಿಲ್ಲದ ಕಸುಬುದಾರ ತಾನು ಕಸುಬುದಾರ ಎಂದು ತೋರಿಸಬೇಕು. ಚಿಲ್ಲರೆ ಅಂಗಡಿಯವರಿಗಂತೂ ಈ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಬಾಗಿಲು ತೆರೆದಿಡಲು ಅನುಮತಿ ಇತ್ತಲ್ಲ, ಅವರಿಗೇನು ನಷ್ಟ ಎಂಬ ಎಣಿಕೆ ಇದ್ದಿರಬೇಕು. ನೋಟ್‌ಬುಕ್ಕಿನ ಪುಟಗಳಲ್ಲಿ ಸಿಕ್ಕಿಕೊಂಡ ದುಡ್ಡಿಗೆ ಯಾವ ಅರ್ಜಿ ನಮೂನೆಯೂ ಇಲ್ಲ.

ಉದ್ಯೋಗ ಖಾತರಿ ಇಲ್ಲಿ ನಿಜವಾಗಿ ಕೈ ಹಿಡಿಯಿತು. 2020–21ರಲ್ಲಿ ರಾಜ್ಯದ ದಿನಗೂಲಿ 275 ರೂಪಾಯಿ, ಮರುವರ್ಷ 289. ಬದು ಹಾಕುವ, ಕೆರೆಯ ಹೂಳೆತ್ತುವ ಕೆಲಸಕ್ಕೆ ಬೆಂಗಳೂರಿನಿಂದ ಮರಳಿದವರೂ ಹಾರೆ ಗುದ್ದಲಿ ಹಿಡಿದು ಬಂದರು. ಆ ಕೂಲಿ ಖಾತೆಗೆ ಬಿದ್ದ ವಾರ ಊರಿನ ಅಂಗಡಿಯ ಪುಟಗಳಿಗೆ ಅಡ್ಡಗೆರೆ ಬಿತ್ತು. ದುಡಿದವರಿಗೆ ಕೂಲಿ, ಅಂಗಡಿಗೆ ಬಾಕಿ, ಮಂಡಿಗೆ ಮುಂಗಡ. ಹಳ್ಳಿಯ ವ್ಯಾಪಾರಕ್ಕೆ ನೆರವಾಗುವುದೆಂದರೆ ಹಳ್ಳಿಯವರ ಕೈಯಲ್ಲಿ ದುಡ್ಡು ಆಡುವಂತೆ ಮಾಡುವುದು.

ಆಮೇಲೆ 2021ರ ಮೇ ಬಂತು. ಒಂದು ವರ್ಷದ ಹಿಂದೆ ಹಸಿರಾಗಿದ್ದ ಜಿಲ್ಲೆ ದೇಶದ ಸುದ್ದಿಯಾಯಿತು. ಮೇ 2ರ ರಾತ್ರಿಯಿಂದ 3ರ ಬೆಳಗಿನ ಹೊತ್ತಿಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವವಾಯಿತು. ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ಅವರ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಸಿಲಿಂಡರುಗಳು ತುಂಬಿ ಬರಬೇಕಾದದ್ದು ಮೈಸೂರಿನಿಂದ, ಸುಮಾರು 60 ಕಿಲೋಮೀಟರ್ ದೂರದಿಂದ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಉಸಿರು ಕಟ್ಟಿದವರಿಗೂ ಕೊನೆಯ ಆಸರೆ ಅದೇ ಜಿಲ್ಲಾ ಆಸ್ಪತ್ರೆ. ಬೆಟ್ಟದಿಂದ ಅಲ್ಲಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತಾಗಲೂ ರೋಗಿಗಳನ್ನು ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ ದಾಟಿಸಿ ಮೈಸೂರಿನವರೆಗೂ ಸಾಗಿಸಬೇಕಾಗಿತ್ತು. ಅಂದು ರಾತ್ರಿಯಿಡೀ ಆಂಬುಲೆನ್ಸ್ ಓಡಿಸಿದವರ ಕೆಲಸ ಎರಡೂವರೆ ವರ್ಷದ ಮೇಲೆ ಮತ್ತೆ ಅದೇ ರಸ್ತೆಯಲ್ಲಿ, ತಿಂಗಳುಗಟ್ಟಲೆ ನಡೆಯಿತು. 2021ರ ಅಕ್ಟೋಬರ್ 7ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಚಾಮರಾಜನಗರ ವೈದ್ಯಕೀಯ ಕಾಲೇಜಿನ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಬೇಕಾದದ್ದೇ ಬಂತು, ತಡವಾಗಿ ಬಂತು. ಹಾಸಿಗೆಯವರೆಗೆ ರೋಗಿಯನ್ನು ತಲುಪಿಸುವ ದಾರಿ ಮಾತ್ರ ಹಾಗೇ ಇದೆ.

ಬೆಟ್ಟದ ಸುತ್ತ ಕಾಡೊಳಗಿನ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ ಮುಂತಾದ ಊರುಗಳಲ್ಲಿ ಕಾಯಿಲೆಯಾದವರನ್ನು ಡೋಲಿ ಕಟ್ಟಿ ಹೊತ್ತು ತರುವುದು ಕೊರೊನಾಕ್ಕೆ ಮೊದಲೂ ಇತ್ತು, ಆಮೇಲೂ ಇತ್ತು. 2021ರ ಕೊನೆಯ ಹೊತ್ತಿಗೆ ಅರಣ್ಯ ಇಲಾಖೆ ‘ಜನವನ ಸಾರಿಗೆ’ ಎಂಬ ಜೀಪು ಸೇವೆ ಶುರುಮಾಡಿತು. ಶಾಲೆಗೆ ಹೋಗುವ ಮಕ್ಕಳಿಗೆ, ಬಸುರಿಯರಿಗೆ, ರೇಷನ್ ತರುವವರಿಗೆ ಅದು ದೊಡ್ಡ ಅನುಕೂಲ. ಆದರೂ ಮೂಲಸೌಕರ್ಯದ ಕೊರಗು ಆರಲಿಲ್ಲ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತದ ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಸಬೇಕಾಯಿತು. ಈ ಊರುಗಳಿಗೆ ಅಂಗಡಿಯ ಸರಕೂ ಲಸಿಕೆಯ ಡಬ್ಬಿಯೂ ಹೋಗಬೇಕಾದದ್ದು ಅದೇ ಕಾಲುದಾರಿಯಲ್ಲಿ.

ಯಳಂದೂರು ತಾಲ್ಲೂಕಿನ ಕಥೆ ಸ್ವಲ್ಪ ಬೇರೆ. ಸಾಂಕ್ರಾಮಿಕ ಕಾಯಿಲೆಯನ್ನು ಊರಿನವರನ್ನೇ ಕಟ್ಟಿಕೊಂಡು ಎದುರಿಸಿದ ನೆನಪು ಈ ತಾಲ್ಲೂಕಿಗಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಶುರುಮಾಡಿದ್ದು ಮುಖ್ಯವಾಗಿ ಯಳಂದೂರಿನ ಕುಷ್ಠರೋಗಕ್ಕಾಗಿ. ಆಗ ಸಾವಿರ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಆ ರೋಗ ಇತ್ತು. ಮನೆಮನೆ ಸುತ್ತಿ, ಹುಡುಕಿ, ಔಷಧ ಕೊಟ್ಟು, ಎರಡು ದಶಕದೊಳಗೆ ಅದನ್ನು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಸಿದರು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಇದೇ ಟ್ರಸ್ಟಿನ ನಿರ್ವಹಣೆಗೆ ಒಪ್ಪಿಸಿತು.

ಕೊರೊನಾ ಲಸಿಕೆ ಬಂದಾಗ ಈ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಹೆದರಿಕೆ ಇತ್ತು. ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತೇವೆ ಎಂಬ ಗಾಳಿಮಾತು ಕಾಡಿನ ಒಳಗೂ ಹೊಕ್ಕಿತ್ತು. ಅಪರಿಚಿತ ಜೀಪು ಕಂಡರೆ ಜನ ಮನೆ ಬಿಟ್ಟು ಹೋಗುವ ಸಂದರ್ಭದಲ್ಲಿ ಕೆಲಸಕ್ಕೆ ಬಂದದ್ದು ಗುರುತಿನ ಮುಖ: ಪೋಡಿನದೇ ಹುಡುಗ, ತಮ್ಮ ಮನೆಯ ಹೆರಿಗೆಗೆ ಬಂದಿದ್ದ ನರ್ಸು, ಸಂಘದ ಮುಖಂಡರು. ಆರೋಗ್ಯದ ಕೆಲಸಕ್ಕೆ ಊರಿನವರನ್ನೇ ತರಬೇತು ಮಾಡಿ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು ಎಂಬ ಹಳೇ ಪಾಠ ಇಲ್ಲಿ ಮತ್ತೆ ನಿಜವಾಯಿತು.

ಲಾಕ್‌ಡೌನ್ ಬಿದ್ದದ್ದು, 2020ರಲ್ಲಿ, ಜೇನಿನ ಕಾಲದ ಬಾಗಿಲಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗೆ ಸೋಲಿಗರು ಹೆಜ್ಜೇನು ತೆಗೆಯುತ್ತಾರೆ. ತೆಗೆದ ಜೇನನ್ನು ಕೊಳ್ಳುವುದು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘ, ಎಲ್ಲರ ಬಾಯಲ್ಲೂ ‘ಲ್ಯಾಂಪ್ಸ್’. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಪೋಡುಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಜೇನು, ನೆಲ್ಲಿ, ಸೀಗೆ, ಪಾಚಿ ಮಾರಿ ಬದುಕುವ ಹಕ್ಕು ಕಾಗದದ ಮೇಲೆ ಗಟ್ಟಿಯಾಗಿದೆ. ಪ್ರವಾಸಿಗರು ನಿಂತು, ಸಫಾರಿ ನಿಂತು, ಬೆಟ್ಟದ ಅಂಗಡಿ ಮುಚ್ಚಿದಾಗ ಆ ಜೇನಿಗೆ ಕೊಳ್ಳುವವರು ಬೇಕಿತ್ತು. ಸಹಕಾರ ಸಂಘದ ಬಳಿ ನಾಲ್ಕು ತಿಂಗಳು ಸರಕು ಕೊಂಡಿಟ್ಟುಕೊಳ್ಳುವಷ್ಟು ದುಡಿಯುವ ಬಂಡವಾಳ ಇದ್ದರೆ ಅದೇ ಕಾಡಿನ ಜನರಿಗೆ ದೊಡ್ಡ ಪರಿಹಾರ. ಪೋಡಿಗೆ ಹಂಚುವ ಕಿಟ್ಟು ಹದಿನೈದು ದಿನಕ್ಕೆ ಮುಗಿಯುತ್ತದೆ.

ಮತ್ತೆ ಆಶಾ ಕಾರ್ಯಕರ್ತೆಯ ಮಾತಿಗೆ ಬರೋಣ, ಏಕೆಂದರೆ ಈ ಮೂರೂ ತಾಲ್ಲೂಕಿನ ಪ್ರತಿ ಊರಿನಲ್ಲೂ ಅವರಿದ್ದಾರೆ. ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ 2005ರಿಂದ ರೂಪುಗೊಂಡ ಹುದ್ದೆ ಇದು. ಸಾಮಾನ್ಯವಾಗಿ ಸಾವಿರ ಜನಕ್ಕೊಬ್ಬರು. ಸರ್ಕಾರದ ಭಾಷೆಯಲ್ಲಿ ಅವರು ಸ್ವಯಂಸೇವಕಿ, ಪಡೆಯುವುದು ಗೌರವಧನ. 2020ರಲ್ಲಿ ರಾಜ್ಯದಿಂದ ತಿಂಗಳಿಗೆ 4,000 ರೂಪಾಯಿ, ಮೇಲೆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೊರೊನಾ ಕೆಲಸಕ್ಕೆಂದು ಕೇಂದ್ರ ತಿಂಗಳಿಗೆ 1,000 ಸೇರಿಸಿತು. ಸಹಕಾರ ಇಲಾಖೆ ಒಂದು ಸಲ ತಲಾ 3,000 ಕೊಡಿಸಿತು.

ಅವರ ಒಂದು ದಿನದ ಚೀಲದಲ್ಲಿ ರಿಜಿಸ್ಟರ್, ಸ್ಯಾನಿಟೈಸರ್ ಬಾಟಲಿ, ಜ್ವರ ನೋಡುವ ಯಂತ್ರ, ಎರಡನೇ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಬೆಳಿಗ್ಗೆ ಹೊರಗಿನಿಂದ ಬಂದವರ ಪಟ್ಟಿ, ಮಧ್ಯಾಹ್ನ ಕ್ವಾರಂಟೈನ್ ಮನೆಗಳ ಭೇಟಿ, ಸಂಜೆ ಬಿ.ಪಿ., ಸಕ್ಕರೆ ಕಾಯಿಲೆಯ ಮುದುಕರಿಗೆ ಮಾತ್ರೆ. ಇದರ ನಡುವೆ ಬಸುರಿ, ಬಾಣಂತಿ, ಮಗುವಿನ ಚುಚ್ಚುಮದ್ದು ಎಂಬ ಮೂಲ ಕೆಲಸ ನಿಂತಿರಲಿಲ್ಲ. ಸೋಂಕಿನ ಸುದ್ದಿ ತಂದವರು ಎಂದು ಬೈಸಿಕೊಂಡದ್ದೂ ಅವರೇ, ಉಸಿರು ಕಟ್ಟಿದಾಗ ರಾತ್ರಿ ಎರಡು ಗಂಟೆಗೆ ಜನ ಫೋನ್ ಮಾಡಿದ್ದೂ ಅವರಿಗೇ. ಸಂಜೆ ಮನೆಗೆ ಬಂದರೆ ಬಚ್ಚಲಲ್ಲಿ ಸ್ನಾನ ಮಾಡಿಯೇ ಮಗುವನ್ನು ಮುಟ್ಟಬೇಕು. ಮಾಸ್ಕ್, ಕೈಗವಸು ಸಾಲದೆ ಬಂದಾಗ ಸೆರಗು, ದುಪಟ್ಟಾ.

2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ. ಸಾಂಕ್ರಾಮಿಕದ ನಡುವೆ ಮುಷ್ಕರವೇ ಎಂದು ಹುಬ್ಬೇರಿಸಿದವರಿದ್ದರು. ಸಾಂಕ್ರಾಮಿಕದ ನಡುವೆ ಕೇಳದಿದ್ದರೆ ಯಾರೂ ಕೊಡುವುದಿಲ್ಲ ಎಂಬುದು ಅವರ ಅನುಭವ, ಅದು ಸುಳ್ಳಾಗಲಿಲ್ಲ. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿಯನ್ನು ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಕಟಿಸಿತು. ಪ್ರಶಸ್ತಿ ಬಂದ ಮೇಲೂ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು. ನಾಲ್ಕನೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುವ ಭರವಸೆ ಕೊಟ್ಟರು. ಐದು ವರ್ಷದ ಹಿಂದೆ ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ.

ಕೊಳ್ಳೇಗಾಲ ನಗರಸಭೆ, ಹನೂರು, ಯಳಂದೂರು ಪಟ್ಟಣ ಪಂಚಾಯಿತಿಗಳ ಪೌರಕಾರ್ಮಿಕರ ಬಗ್ಗೆಯೂ ಇದೇ ಮಾತು. ಬೀದಿಗೆ ಔಷಧ ಸಿಂಪಡಿಸುವಾಗ ಹೂ ಎರಚಿದೆವು, ಕಾಲು ತೊಳೆದೆವು, ಫೋಟೋ ತೆಗೆದೆವು. ಹೂ ಎರಚುವುದು ತಪ್ಪಲ್ಲ. ಸಂಬಳ ತಿಂಗಳ ಮೊದಲ ವಾರ ಬರುತ್ತದೆಯೇ, ಗಂಬೂಟು ಇದೆಯೇ, ಕೆಲಸ ಕಾಯಂ ಆಗಿದೆಯೇ ಎಂದೂ ಅದೇ ಊರಿನವರು ವರ್ಷಕ್ಕೊಮ್ಮೆ ವಿಚಾರಿಸಬೇಕು.

ಇನ್ನೊಂದು ಸಾಂಕ್ರಾಮಿಕ ಬರುವವರೆಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿದೆ. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಪ್ರತಿ ಪಂಚಾಯಿತಿಗೆ ಕೋವಿಡ್ ನಿರ್ವಹಣೆಗೆಂದು 50,000 ರೂಪಾಯಿ ಕೊಡಲಾಯಿತು, ಊರೂರಿನಲ್ಲಿ ಕಾರ್ಯಪಡೆಗಳಾದವು. ಮೊತ್ತ ಚಿಕ್ಕದು, ದಾರಿ ಸರಿ. ಆ ದುಡ್ಡು ಖರ್ಚಾಗುವಾಗ ಮಾಸ್ಕನ್ನು ಊರಿನ ಸಂಜೀವಿನಿ ಮಹಿಳಾ ಸಂಘ ಹೊಲಿಯಬೇಕು. ಪ್ರತ್ಯೇಕವಾಗಿ ಇರುವವರ ಊಟ ಊರಿನ ಹೋಟೆಲಿನಿಂದ ಹೋಗಬೇಕು. ಕಿಟ್ಟಿನ ಬೇಳೆ, ಎಣ್ಣೆಯ ಬಿಲ್ಲು ಬಾಕಿ ಬರೆದುಕೊಂಡ ಅಂಗಡಿಯ ಹೆಸರಿನಲ್ಲೇ ಬರಬೇಕು, ಹದಿನೈದು ದಿನದೊಳಗೆ ಪಾವತಿಯಾಗಬೇಕು. ಊರಿನಲ್ಲಿ ಕ್ಷೌರ ಮಾಡುವವರು, ಬಟ್ಟೆ ಒಗೆಯುವವರು, ಗೂಡ್ಸ್ ಆಟೋ ಓಡಿಸುವವರು, ಕೂಲಿ ಮಗ್ಗ ನೇಯುವವರು ಯಾರು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಸಹಿ ಹಾಕಿ, ಬ್ಯಾಂಕ್ ಖಾತೆಯ ಸಂಖ್ಯೆಯೊಂದಿಗೆ ಪಂಚಾಯಿತಿ ಕಚೇರಿಯಲ್ಲಿಟ್ಟರೆ ಮುಂದೆ ಯಾರೂ ದೃಢೀಕರಣ ಪತ್ರಕ್ಕಾಗಿ ಬಸ್ಸಿಲ್ಲದ ದಿನ ತಾಲ್ಲೂಕು ಕೇಂದ್ರಕ್ಕೆ ನಡೆಯಬೇಕಾಗಿಲ್ಲ. ಕಾಡಂಚಿನ ಊರುಗಳಲ್ಲಿ ಈ ಪಟ್ಟಿಗೆ ಇನ್ನೂ ಎರಡು ಹೆಸರು ಸೇರಬೇಕು: ರಾತ್ರಿ ಕರೆದರೆ ಬರುವ ಜೀಪಿನವರದು, ಡೋಲಿ ಹೊರಲು ಮುಂದಾಗುವ ನಾಲ್ವರದು. ಅವರ ದಿನಗೂಲಿ ಎಷ್ಟು, ಯಾವ ಬಾಬ್ತಿನಿಂದ ಎಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗಬೇಕು.